ಮೋಟಾರ್ ತಿರುಗುತ್ತದೆ, ಕಾರು ಓಡುವುದಿಲ್ಲ: ಆರ್‌ಸಿ ಕಾರಿನ ಡ್ರೈವ್‌ಟ್ರೇನ್ ದೋಷ ಹುಡುಕುವ ಕ್ರಮ

ರಿಮೋಟ್‌ನಿಂದ ಓಡಿಸುವ ಆರ್‌ಸಿ ಕಾರಿನ ಥ್ರಾಟಲ್ (ವೇಗದ ಗುಂಡಿ) ಒತ್ತಿದರೆ ಮೋಟಾರ್ ಕಿರುಚುತ್ತದೆ, ಕಾರು ನಿಂತಲ್ಲೇ ನಿಂತಿರುತ್ತದೆ. ಇಲ್ಲವೇ ಓಡುತ್ತದೆ, ಆದರೆ ಮಿಕ್ಸಿ ಜಾರಿಗೆ ಕಲ್ಲು ಬಿದ್ದ ಹಾಗೆ ಸದ್ದು. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಹೊಸ ಸ್ಪರ್ ಗೇರ್ (ಮೋಟಾರಿನಿಂದ ತಿರುಗುವ ದೊಡ್ಡ ಹಲ್ಲುಚಕ್ರ) ತರಿಸಿ ಹಾಕುತ್ತಾರೆ. ಎರಡು ಬ್ಯಾಟರಿ ಮುಗಿಯುವಷ್ಟರಲ್ಲಿ ಅದರ ಹಲ್ಲೂ ಉದುರಿರುತ್ತದೆ. ಸ್ಪರ್ ಹಾಳಾಗಲು ಕಾರಣ ಸಾಮಾನ್ಯವಾಗಿ ಬೇರೆಲ್ಲೋ ಇರುತ್ತದೆ: ಮೋಟಾರ್ ಸ್ಕ್ರೂ ಸಡಿಲವಾಗಿದೆ, ಬೇರಿಂಗ್ ಹಿಡಿದುಕೊಂಡಿದೆ, ಸ್ಲಿಪ್ಪರ್ (ಏಟು ಬಿದ್ದಾಗ ಜಾರುವ ಕ್ಲಚ್) ಪೂರ್ತಿ ಬಿಗಿದಿದೆ, ಪಿನಿಯನ್‌ನ (ಮೋಟಾರ್ ಮೇಲಿನ ಚಿಕ್ಕ ಗೇರ್) ಪಿಚ್, ಅಂದರೆ ಹಲ್ಲಿನ ಅಳತೆ, ಬೇರೆ. ಆ ಕಾರಣ ಸಿಗುವ ತನಕ ಬಿಡಿಭಾಗಕ್ಕೆ ಹಣ ಹಾಕಬೇಡಿ.

ಇಲ್ಲಿ ಹೇಳುವುದೆಲ್ಲ ಮುಖ್ಯವಾಗಿ 1/10 ಅಳತೆಯ (ನಿಜವಾದ ಕಾರಿನ ಹತ್ತನೇ ಒಂದು ಭಾಗದಷ್ಟು) ಎಲೆಕ್ಟ್ರಿಕ್ ಕಾರುಗಳಿಗೆ. ಟ್ರಾಕ್ಸಸ್ ಸ್ಲ್ಯಾಶ್, ಟಮಿಯ ಟಿಟಿ-02 ಮತ್ತು ಅದೇ ಮಾದರಿಯ ಬೇರೆ ಕಾರುಗಳು ಇದರಲ್ಲಿ ಬರುತ್ತವೆ. 1/8 ಬಗ್ಗಿಗಳಲ್ಲಿ ಅಳತೆ ಬದಲಾಗುವ ಕಡೆ ಅದನ್ನೂ ಹೇಳಿದೆ. ದ್ರವ ಇಂಧನದ ನೈಟ್ರೋ ಕಾರಿನ ಕ್ಲಚ್ ಬೆಲ್ ವಿಷಯ ಬೇರೆಯದೇ ಆದದ್ದರಿಂದ ಅದನ್ನು ಮುಟ್ಟಿಲ್ಲ.

ಶಕ್ತಿ ಸಾಗುವ ದಾರಿ

ಮೋಟಾರಿನಿಂದ ಚಕ್ರದವರೆಗಿನ ಈ ದಾರಿಗೇ ಡ್ರೈವ್‌ಟ್ರೇನ್ ಎನ್ನುವುದು. ಅದು ಗೊತ್ತಿದ್ದರೆ ಎಲ್ಲಿ ಕಡಿಯಿತು ಎಂದು ಹುಡುಕುವುದು ಸುಲಭ. ಮೋಟಾರಿನ ಶಾಫ್ಟ್ ಮೇಲೆ ಚಿಕ್ಕ ಪಿನಿಯನ್, ಅದಕ್ಕೆ ಕಚ್ಚಿಕೊಂಡ ದೊಡ್ಡ ಸ್ಪರ್. ಕಾರಿನಲ್ಲಿ ಸ್ಲಿಪ್ಪರ್ ಕ್ಲಚ್ ಇದ್ದರೆ ಸ್ಪರ್ ಅದರ ಮೇಲೇ ಕುಳಿತಿರುತ್ತದೆ. ಅಲ್ಲಿಂದ ಗೇರ್‌ಬಾಕ್ಸ್ ಅಥವಾ ಸೆಂಟರ್ ಶಾಫ್ಟ್, ಅಲ್ಲಿಂದ ಡಿಫರೆನ್ಷಿಯಲ್ (ಡಿಫ್), ಅಂದರೆ ಎರಡು ಬದಿಯ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಗುಚ್ಛ. ಡಿಫ್‌ನ ಎರಡೂ ಬದಿಗೆ ಕಪ್, ಕಪ್‌ನೊಳಗೆ ಡಾಗ್‌ಬೋನ್ (ಎರಡೂ ತುದಿಗೆ ಪಿನ್ ಇರುವ ಸರಳು) ಅಥವಾ ಸಿವಿಡಿ (ಒಂದು ತುದಿಗೆ ಕೀಲಿರುವ) ಶಾಫ್ಟ್, ಅದರ ತುದಿಗೆ ಆಕ್ಸಲ್, ಆಕ್ಸಲ್‌ನಲ್ಲಿ ಅಡ್ಡ ಪಿನ್, ಪಿನ್ ಮೇಲೆ ಹೆಕ್ಸ್ (ಆರು ಮೂಲೆಯ ಬಿಲ್ಲೆ), ಹೆಕ್ಸ್ ಮೇಲೆ ಚಕ್ರ. ಟಿಟಿ-02ರಲ್ಲಿ ಸ್ಲಿಪ್ಪರ್ ಇಲ್ಲ. ಎಷ್ಟೋ 1/8 ಬಗ್ಗಿಗಳಲ್ಲಿ ಸ್ಲಿಪ್ಪರ್ ಬದಲು ಸೆಂಟರ್ ಡಿಫ್ ಇರುತ್ತದೆ.

ಕೈಯಳತೆಯಲ್ಲಿ ಇರಬೇಕಾದ್ದು: 1.5, 2 ಮತ್ತು 2.5 ಮಿ.ಮೀ. ಅಲೆನ್ ಕೀಗಳು, 5.5 ಮತ್ತು 7 ಮಿ.ಮೀ. ನಟ್ ಡ್ರೈವರ್, ವರ್ನಿಯರ್ ಕ್ಯಾಲಿಪರ್, ನೀಲಿ ಬಣ್ಣದ ಥ್ರೆಡ್‌ಲಾಕ್ (ಸ್ಕ್ರೂ ಸಡಿಲಾಗದಂತೆ ಹಿಡಿಯುವ ಅಂಟು), ಹಳೆಯ ಹಲ್ಲುಜ್ಜುವ ಬ್ರಷ್, ಪರ್ಮನೆಂಟ್ ಮಾರ್ಕರ್. ಅಲೆನ್ ಕೀ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಮೂಲೆ ಸವೆದ 1.5ರ ಕೀ ಗ್ರಬ್ ಸ್ಕ್ರೂವಿನ (ಪಿನಿಯನ್ ಅನ್ನು ಶಾಫ್ಟ್‌ಗೆ ಹಿಡಿದಿಡುವ ತಲೆಯಿಲ್ಲದ ಸ್ಕ್ರೂ) ಕುಳಿಯನ್ನು ತಿಂದುಹಾಕಿದರೆ, ಅರ್ಧ ನಿಮಿಷದ ಕೆಲಸಕ್ಕೆ ಅರ್ಧ ದಿನ ಹೋಗುತ್ತದೆ.

ಬಿಚ್ಚುವ ಮೊದಲು ಕೈಯಿಂದ ತಿರುಗಿಸಿ

ಮೊದಲು ಬ್ಯಾಟರಿ ತೆಗೆಯಿರಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಕನೆಕ್ಟರನ್ನೇ ಬಿಡಿಸಿ. ಬೆರಳು ಗೇರ್ ಮಧ್ಯೆ ಇರುವಾಗ ಟ್ರಾನ್ಸ್‌ಮಿಟರ್ ಕೆಳಗೆ ಬಿದ್ದು ಥ್ರಾಟಲ್ ಒತ್ತಿಹೋದರೆ ಉಗುರು ಉಳಿಯುವುದಿಲ್ಲ. ಬಾಡಿ ತೆಗೆದು, ಗೇರ್ ಕವರ್ ತೆಗೆದು, ಬ್ರಷ್‌ನಿಂದ ಧೂಳು ಉದುರಿಸಿ, ನಾಲ್ಕೂ ಚಕ್ರ ಗಾಳಿಯಲ್ಲಿರುವಂತೆ ಕಾರನ್ನು ಒಂದು ಡಬ್ಬದ ಮೇಲೆ ಕೂರಿಸಿ.

ಈಗ ಹೊರಗಿನಿಂದ ಒಳಕ್ಕೆ ಬನ್ನಿ. ಚಕ್ರದ ನಟ್ ಬಿಚ್ಚಿ ಚಕ್ರ ತೆಗೆದು, ಹೆಕ್ಸ್ ಒಳಗೆ ಅಡ್ಡ ಪಿನ್ ಇದೆಯೇ ನೋಡಿ. ಇದನ್ನು ಮೊದಲಿಗೇ ಹೇಳಲು ಕಾರಣವಿದೆ. ಟೂ ವ್ಹೀಲ್ ಡ್ರೈವ್ ಕಾರಿನಲ್ಲಿ ಒಂದೇ ಒಂದು ಪಿನ್ ಬಿದ್ದುಹೋದರೂ ಕಾರು ಅಲ್ಲಾಡುವುದಿಲ್ಲ, ಏಕೆಂದರೆ ಓಪನ್ ಡಿಫ್ ತನ್ನ ಶಕ್ತಿಯನ್ನೆಲ್ಲ ಸಲೀಸಾಗಿ ತಿರುಗುವ ಕಡೆಗೆ ಕಳಿಸಿಬಿಡುತ್ತದೆ. ಪಿನ್ ಇಲ್ಲದ ಆಕ್ಸಲ್ ಹೆಕ್ಸ್‌ನೊಳಗೆ ಬರಿದೇ ಸುತ್ತುತ್ತಿರುತ್ತದೆ, ಮೋಟಾರ್ ಕಿರುಚುತ್ತಿರುತ್ತದೆ, ಗೇರ್‌ಬಾಕ್ಸೇ ಹೋಯಿತು ಎಂದು ಎಲ್ಲವನ್ನೂ ಬಿಚ್ಚಿ ಹರಡಿಕೊಂಡು ಕೂರುತ್ತೇವೆ. ಚಕ್ರ ಬದಲಿಸುವಾಗ ಹೆಕ್ಸ್ ರಿಮ್‌ಗೆ ಅಂಟಿಕೊಂಡು ಬಂದರೆ ಪಿನ್ ಸದ್ದಿಲ್ಲದೆ ಹುಲ್ಲಿಗೆ ಬಿದ್ದಿರುತ್ತದೆ. ಪ್ಲಾಸ್ಟಿಕ್ ಹೆಕ್ಸ್‌ನ ಒಳಗಾಲುವೆ ದುಂಡಗೆ ಸವೆದಿದ್ದರೂ ಇದೇ ಲಕ್ಷಣ. 12 ಮಿ.ಮೀ. ಅಲ್ಯೂಮಿನಿಯಂ ಹೆಕ್ಸ್ ಹಾಕಿದರೆ ಆ ತಲೆನೋವು ಮುಗಿಯಿತು. 1/8ರಲ್ಲಿ ಹೆಕ್ಸ್ 17 ಮಿ.ಮೀ.

ಪಿನ್ ಸರಿಯಿದ್ದರೆ ಚಕ್ರ ಮತ್ತೆ ಹಾಕಿ. ಒಂದು ಬೆರಳಿನಿಂದ ಸ್ಪರ್ ಅಲ್ಲಾಡದಂತೆ ಹಿಡಿದು, ಹಿಂದಿನ ಒಂದು ಚಕ್ರವನ್ನು ನಿಧಾನವಾಗಿ ತಿರುಗಿಸಿ. ಎದುರು ಚಕ್ರ ವಿರುದ್ಧ ದಿಕ್ಕಿಗೆ ತಿರುಗಿದರೆ ಡಿಫ್‌ನ ಒಳಗೇರ್‌ಗಳು, ಎರಡೂ ಶಾಫ್ಟ್, ಎರಡೂ ಪಿನ್ ಕೆಲಸ ಮಾಡುತ್ತಿವೆ ಎಂದರ್ಥ. ಒಂದು ಚಕ್ರ ತಿರುಗಿ ಇನ್ನೊಂದು ಸುಮ್ಮನಿದ್ದರೆ ಯಾವುದೋ ಶಾಫ್ಟ್ ಕಪ್‌ನಿಂದ ಹೊರಬಂದಿದೆ ಅಥವಾ ಡಿಫ್‌ನೊಳಗೆ ಪಿನ್ ಮುರಿದಿದೆ. ತಿರುಗುವಾಗ ಒಂದೇ ಜಾಗದಲ್ಲಿ ಪ್ರತಿ ಸುತ್ತಿಗೂ ‘ಕಟಕ್’ ಎಂದರೆ ಹಲ್ಲು ಮುರಿದಿದೆ ಅಥವಾ ಹಲ್ಲಿನ ನಡುವೆ ಕಲ್ಲು ಸಿಕ್ಕಿದೆ.

ಮುಂದಿನ ಪರೀಕ್ಷೆ: ಎರಡೂ ಹಿಂಚಕ್ರಗಳನ್ನು ಗಟ್ಟಿಯಾಗಿ ಹಿಡಿದು (ಫೋರ್ ವ್ಹೀಲ್ ಡ್ರೈವ್ ಆದರೆ ಟಯರ್‌ಗಳನ್ನು ನೆಲಕ್ಕೆ ಒತ್ತಿ) ಸ್ಪರ್ ಅನ್ನು ಹೆಬ್ಬೆರಳಿನಿಂದ ತಳ್ಳಿ. ಅದು ಪ್ರಯಾಸವೇ ಇಲ್ಲದೆ ಸುತ್ತಿದರೆ ಸ್ಲಿಪ್ಪರ್ ಸಡಿಲ. ‘ಕರ ಕರ’ ಎಂದು ಹಲ್ಲು ಜಾರಿದರೆ ಡಿಫ್‌ನ ಕ್ರೌನ್ (ಅದರ ದೊಡ್ಡ ಗೇರ್) ಅಥವಾ ಗೇರ್‌ಬಾಕ್ಸ್‌ನ ಐಡ್ಲರ್ (ನಡುವಿನ ಗೇರ್) ಹಾಳಾಗಿದೆ. ಎರಡೂ ಇಲ್ಲದೆ ಗಟ್ಟಿಯಾಗಿ ನಿಂತರೆ ದೋಷ ಇನ್ನೂ ಮುಂದೆ, ಪಿನಿಯನ್ ಬಳಿ.

ಪಿನಿಯನ್‌ಗೆ ಮಾರ್ಕರ್ ಸಾಕು. ಶಾಫ್ಟ್‌ನ ತುದಿ ಮತ್ತು ಪಿನಿಯನ್‌ನ ಮುಖ ಎರಡರ ಮೇಲೂ ಹಾಯುವಂತೆ ಒಂದು ನೇರ ಗೆರೆ ಎಳೆಯಿರಿ. ಬ್ಯಾಟರಿ ಹಾಕಿ, ಕಾರನ್ನು ನೆಲದ ಮೇಲಿಟ್ಟು ಎರಡು ಸಲ ಥ್ರಾಟಲ್ ಕೊಟ್ಟು, ಮತ್ತೆ ಬ್ಯಾಟರಿ ತೆಗೆದು ನೋಡಿ. ಗೆರೆ ಎರಡು ತುಂಡಾಗಿ ಸರಿದಿದ್ದರೆ ಶಾಫ್ಟ್ ಪಿನಿಯನ್‌ನೊಳಗೆ ಜಾರುತ್ತಿದೆ. 540 ಗಾತ್ರದ ಮೋಟಾರಿನ ಶಾಫ್ಟ್ 3.17 ಮಿ.ಮೀ., ಅದರಲ್ಲಿ ಒಂದು ಕಡೆ ಚಪ್ಪಟೆ ಭಾಗವಿರುತ್ತದೆ. ಗ್ರಬ್ ಸ್ಕ್ರೂ ಕುಳಿತುಕೊಳ್ಳಬೇಕಾದ್ದು ಆ ಚಪ್ಪಟೆಯ ಮೇಲೆ. ದುಂಡು ಭಾಗದ ಮೇಲೆ ಎಷ್ಟು ಬಿಗಿದರೂ ಬಿಸಿಯಾದಾಗ ಬಿಡುತ್ತದೆ. ಸ್ಕ್ರೂ ತೆಗೆದು, ಶಾಫ್ಟ್ ಮತ್ತು ಸ್ಕ್ರೂ ಎರಡರ ಎಣ್ಣೆ ಪಸೆಯನ್ನು ಸ್ಪಿರಿಟ್‌ನಿಂದ ಒರೆಸಿ, ಒಂದು ಚಿಕ್ಕ ಹನಿ ನೀಲಿ ಥ್ರೆಡ್‌ಲಾಕ್ ಹಚ್ಚಿ ಬಿಗಿಯಿರಿ. ಕೆಂಪು ಥ್ರೆಡ್‌ಲಾಕ್ ಬೇಡ. ಮುಂದೆ ಬಿಚ್ಚಬೇಕೆಂದರೆ ಚೆನ್ನಾಗಿ ಕಾಯಿಸಬೇಕಾಗುತ್ತದೆ, ಆ ಬಿಸಿ ಮೋಟಾರಿನ ಮ್ಯಾಗ್ನೆಟ್‌ಗೆ ಒಳ್ಳೆಯದಲ್ಲ. ಪ್ಲಾಸ್ಟಿಕ್ ಭಾಗಕ್ಕೆ ಹೋಗುವ ಸ್ಕ್ರೂಗಳಿಗೆ ಯಾವ ಥ್ರೆಡ್‌ಲಾಕೂ ಬೇಡ, ಕೆಲವು ಪ್ಲಾಸ್ಟಿಕ್ ಅದರಿಂದಲೇ ಬಿರುಕು ಬಿಡುತ್ತದೆ.

ಉದುರಿದ ಹಲ್ಲನ್ನು ಓದುವುದು

ಹಾಳಾದ ಸ್ಪರ್ ಎಸೆಯುವ ಮೊದಲು ಬೆಳಕಿಗೆ ಹಿಡಿದು ನೋಡಿ. ಹೊಸದನ್ನು ಉಳಿಸಿಕೊಳ್ಳುವ ಮಾಹಿತಿ ಇರುವುದು ಅದರಲ್ಲೇ.

ಇಡೀ ಸುತ್ತಿನಲ್ಲಿ ಹಲ್ಲಿನ ತುದಿಗಳು ಮಾತ್ರ ಕತ್ತರಿಸಿದಂತೆ ಹೋಗಿ ಬುಡ ಹಾಗೇ ಇದ್ದರೆ ಮೆಶ್ (ಎರಡು ಗೇರ್‌ಗಳ ಹಲ್ಲು ಕಚ್ಚಿಕೊಳ್ಳುವ ಬಿಗಿ) ಸಡಿಲವಿತ್ತು, ಅಂದರೆ ಪಿನಿಯನ್ ದೂರ ಸರಿದಿತ್ತು. ಮೋಟಾರ್ ಸ್ಕ್ರೂ, ಮೋಟಾರ್ ಪ್ಲೇಟ್, ಸ್ಪರ್‌ನ ಬೇರಿಂಗ್ ನೋಡಿ. ಬುಡದವರೆಗೂ ಹಲ್ಲು ತೆಳ್ಳಗಾಗಿ ಗೇರ್ ಕವರ್ ತುಂಬ ನುಣ್ಣನೆಯ ಪುಡಿಯಿದ್ದರೆ ಮೆಶ್ ಅತಿ ಬಿಗಿ, ಇಲ್ಲವೇ ಪಿಚ್ ಬೇರೆ. ಮೂರ್ನಾಲ್ಕು ಹಲ್ಲು ಮಾತ್ರ ಒಂದೇ ಕಡೆ ಮುರಿದಿದ್ದರೆ ಅದು ಹೊಡೆತದ ಗುರುತು: ಕಲ್ಲು ಸಿಕ್ಕಿದೆ ಅಥವಾ ಜಂಪ್‌ನಲ್ಲಿ ಗಾಳಿಯಲ್ಲಿರುವಾಗಲೂ ಥ್ರಾಟಲ್ ಒತ್ತಿಕೊಂಡೇ ಇಳಿಸಿದ್ದೀರಿ. ಜೋರಾಗಿ ಸುತ್ತುವ ಚಕ್ರ ನೆಲಕ್ಕೆ ತಾಗಿದ ಕ್ಷಣ ಬೀಳುವ ಏಟು ನೇರವಾಗಿ ಗೇರ್‌ಗೆ ಬರುತ್ತದೆ. ನೆಲ ಮುಟ್ಟುವ ಮೊದಲು ಬೆರಳು ಸಡಿಲಿಸುವ ಅಭ್ಯಾಸ ಆದರೆ ಬಿಡಿಭಾಗದ ಖರ್ಚು ಅರ್ಧಕ್ಕರ್ಧ ಇಳಿಯುತ್ತದೆ.

ಹಲ್ಲಿನ ಅಗಲದಲ್ಲಿ ಒಂದು ಅಂಚು ಮಾತ್ರ ಸವೆದಿದೆಯೇ? ಹಾಗಾದರೆ ಪಿನಿಯನ್ ಶಾಫ್ಟ್ ಮೇಲೆ ಒಳಗೋ ಹೊರಗೋ ಸರಿದು ಅರ್ಧ ಹಲ್ಲಿನಲ್ಲಿ ಮಾತ್ರ ಕಚ್ಚುತ್ತಿತ್ತು. ಮಧ್ಯಭಾಗ ಕರಗಿ ಸ್ಲಿಪ್ಪರ್ ಕೂರುವ ರಂಧ್ರ ಸೊಟ್ಟಗಾಗಿದ್ದರೆ ತಪ್ಪು ಹಲ್ಲಿನದಲ್ಲ, ಸ್ಲಿಪ್ಪರ್ ಬಹಳ ಹೊತ್ತು ಜಾರಿ ಕಾದಿದೆ.

ಪಿಚ್ ಬೇರೆಯಾಗುವುದು ನಮ್ಮಲ್ಲಿ ಸಾಮಾನ್ಯ, ಏಕೆಂದರೆ ಆನ್‌ಲೈನ್‌ನಲ್ಲಿ ಸಿಕ್ಕ ಪಿನಿಯನ್ ತರಿಸುತ್ತೇವೆ, ಪ್ಯಾಕೆಟ್ ಮೇಲೆ ಹಲ್ಲಿನ ಸಂಖ್ಯೆ ಬಿಟ್ಟರೆ ಬೇರೇನೂ ಇರುವುದಿಲ್ಲ. 48 ಪಿಚ್ ಮತ್ತು 0.6 ಮಾಡ್ಯೂಲ್ (ಹಲ್ಲಿನ ಗಾತ್ರ ಹೇಳುವ ಎರಡು ಪದ್ಧತಿ) ಕಣ್ಣಿಗೆ ಒಂದೇ ಥರ ಕಾಣುತ್ತವೆ, ಕೈಯಲ್ಲಿ ತಿರುಗಿಸಿದರೆ ತಿರುಗುತ್ತವೆ ಕೂಡ. ಓಡಿಸಿದರೆ ಸ್ಪರ್ ಪುಡಿ. ವರ್ನಿಯರ್‌ನಿಂದ ಅಳೆಯುವ ಲೆಕ್ಕ ಸುಲಭ: ಗೇರ್‌ನ ಹೊರವ್ಯಾಸವನ್ನು ಮಿ.ಮೀ.ನಲ್ಲಿ ಅಳೆದು, ಅದನ್ನು ಹಲ್ಲಿನ ಸಂಖ್ಯೆಗೆ 2 ಕೂಡಿಸಿದ ಮೊತ್ತದಿಂದ ಭಾಗಿಸಿ. ಬರುವುದೇ ಮಾಡ್ಯೂಲ್. ಸುಮಾರು 0.53 ಬಂದರೆ 48 ಪಿಚ್, 0.6 ಬಂದರೆ 0.6 ಮಾಡ್ಯೂಲ್, 0.79 ಅಥವಾ 0.8 ಬಂದರೆ 32 ಪಿಚ್ ಇಲ್ಲವೇ 0.8 ಮಾಡ್ಯೂಲ್ (ಈ ಎರಡು ಒಂದಕ್ಕೊಂದು ಹೊಂದಿಕೊಳ್ಳುತ್ತವೆ), 1 ಬಂದರೆ 1/8ರಲ್ಲಿ ಬರುವ ಮಾಡ್ 1. ಉದಾಹರಣೆಗೆ 20 ಹಲ್ಲಿನ 48 ಪಿಚ್ ಪಿನಿಯನ್‌ನ ಹೊರವ್ಯಾಸ 11.6 ಮಿ.ಮೀ. ಆಸುಪಾಸು ಇರುತ್ತದೆ, ಅದೇ 20 ಹಲ್ಲಿನ 0.6 ಮಾಡ್ಯೂಲ್ ಆದರೆ 13.2. ಟಿಟಿ-02ಕ್ಕೆ ಬೇಕಾದ್ದು 0.6, ಟೂ ವ್ಹೀಲ್ ಡ್ರೈವ್ ಸ್ಲ್ಯಾಶ್‌ನ 86 ಹಲ್ಲಿನ ಸ್ಪರ್ 48 ಪಿಚ್‌ನದು.

ಮೆಶ್ ಕೂರಿಸುವುದು

ಹಳೆಯ ಕಾಗದದ ಉಪಾಯವೇ ಇಂದಿಗೂ ಒಳ್ಳೆಯದು. ನೋಟ್‌ಬುಕ್ ಹಾಳೆಯಿಂದ ಗೇರ್‌ನಷ್ಟು ಅಗಲದ ಪಟ್ಟಿ ಕತ್ತರಿಸಿಕೊಳ್ಳಿ.

1. ಮೋಟಾರಿನ ಎರಡೂ ಸ್ಕ್ರೂ ಅರ್ಧ ಸುತ್ತು ಸಡಿಲಿಸಿ, ಮೋಟಾರ್ ಸರಿಯುವಷ್ಟು ಮಾತ್ರ.
2. ಪಟ್ಟಿಯನ್ನು ಪಿನಿಯನ್ ಮತ್ತು ಸ್ಪರ್ ನಡುವೆ ಉರುಳಿಸಿ ಒಳಗೆ ಬಿಡಿ. ಮೋಟಾರನ್ನು ಸ್ಪರ್ ಕಡೆಗೆ ಒತ್ತಿ ಹಿಡಿಯಿರಿ.
3. ಒತ್ತಿ ಹಿಡಿದಿರುವಾಗಲೇ ಸ್ಕ್ರೂಗಳನ್ನು ಸ್ವಲ್ಪ ಇದು, ಸ್ವಲ್ಪ ಅದು ಎಂಬಂತೆ ಬಿಗಿಯಿರಿ. ಒಂದನ್ನೇ ಪೂರ್ತಿ ಬಿಗಿದರೆ ಮೋಟಾರ್ ವಾಲುತ್ತದೆ.
4. ಸ್ಪರ್ ತಿರುಗಿಸಿ ಪಟ್ಟಿಯನ್ನು ಹೊರತೆಗೆಯಿರಿ. ಅದರ ಮೇಲೆ ಹಲ್ಲಿನ ಮಡಿಕೆಗಳು ಸ್ಪಷ್ಟವಾಗಿರಬೇಕು, ಹರಿದಿರಬಾರದು.
5. ಪಿನಿಯನ್ ಹಿಡಿದು ಸ್ಪರ್ ಅನ್ನು ಹಿಂದೆ ಮುಂದೆ ಅಲ್ಲಾಡಿಸಿ. ಕೂದಲೆಳೆಯಷ್ಟು ಪ್ಲೇ (ಸಡಿಲ), ಸಣ್ಣ ‘ಟಿಕ್’ ಸದ್ದು ಇರಬೇಕು.

ಇಲ್ಲಿಗೆ ನಿಲ್ಲಿಸುವವರೇ ಹೆಚ್ಚು. ಪ್ಲಾಸ್ಟಿಕ್ ಸ್ಪರ್ ಪೂರ್ತಿ ದುಂಡಗಿರುವುದು ಅಪರೂಪ, ಆದ್ದರಿಂದ ಕಾಲು ಕಾಲು ಸುತ್ತು ತಿರುಗಿಸಿ ನಾಲ್ಕು ಕಡೆ ಆ ಪ್ಲೇ ನೋಡಲೇಬೇಕು. ಎಲ್ಲಿ ಅತಿ ಬಿಗಿಯಿದೆಯೋ ಅಲ್ಲಿ ನಿಲ್ಲಿಸಿ, ಕಾಗದದ ಕೆಲಸ ಆ ಜಾಗದಲ್ಲಿ ಇನ್ನೊಮ್ಮೆ ಮಾಡಿ. ಒಂದು ಕಡೆ ಸಿಕ್ಕಿಕೊಂಡು ಎದುರು ಕಡೆ ಹಲ್ಲು ಜಾರುವಷ್ಟು ವ್ಯತ್ಯಾಸವಿದ್ದರೆ ಸ್ಪರ್ ಸೊಟ್ಟ ಕುಳಿತಿದೆ ಅಥವಾ ಅದರ ಶಾಫ್ಟೇ ಬಾಗಿದೆ.

ಬ್ರಷ್‌ಲೆಸ್ ಮೋಟಾರನ್ನು ಕೈಯಲ್ಲಿ ತಿರುಗಿಸುವಾಗ ಮ್ಯಾಗ್ನೆಟ್‌ನಿಂದಾಗಿ ಮೆಟ್ಟಿಲು ಮೆಟ್ಟಿಲಾಗಿ ತಡೆ ಅನಿಸುತ್ತದೆ. ಅದನ್ನು ಗೇರ್ ದೋಷ ಎಂದುಕೊಳ್ಳಬೇಡಿ. ಅನುಮಾನವಿದ್ದರೆ ಮೋಟಾರನ್ನು ಹಿಂದಕ್ಕೆ ಸರಿಸಿ ಪಿನಿಯನ್ ಬಿಡಿಸಿ, ಆಮೇಲೆ ಸ್ಪರ್ ಮಾತ್ರ ತಿರುಗಿಸಿ ನೋಡಿ.

ಮೆಶ್ ಬಿಗಿಯಾದರೆ ಎತ್ತರದ ‘ಕುಂಯ್’ ಸದ್ದು ಒಂದೇ ಸಮನೆ ಬರುತ್ತದೆ, ಮೋಟಾರ್ ಬೇಗ ಕಾಯುತ್ತದೆ. ಸಡಿಲವಾದರೆ ಥ್ರಾಟಲ್ ಕೊಟ್ಟಾಗ, ಬ್ರೇಕ್ ಹಿಡಿದಾಗ ‘ಗರ್ರ್’. ಮೋಟಾರ್ ಸ್ಕ್ರೂ ಬದಲಿಸಬೇಕಾದರೆ ಉದ್ದ ಗಮನಿಸಿ: ಕೈಪಿಡಿ ಹೇಳಿದ್ದಕ್ಕಿಂತ ಉದ್ದದ ಸ್ಕ್ರೂ ಮೋಟಾರಿನೊಳಗಿನ ವೈಂಡಿಂಗ್‌ಗೆ ತಾಗಿ ಶಾರ್ಟ್ ಮಾಡುತ್ತದೆ.

ಸ್ಲಿಪ್ಪರ್

ಸ್ಲಿಪ್ಪರ್ ಇರುವುದು ಏಟನ್ನು ತಾನು ನುಂಗಿ ಗೇರ್ ಉಳಿಸಲು. ಪೂರ್ತಿ ಬಿಗಿದು ‘ಲಾಕ್’ ಮಾಡಿ ಓಡಿಸಿದರೆ ಪಿಕಪ್ ಚೆನ್ನಾಗಿದೆ ಎನಿಸುತ್ತದೆ, ಮುಂದಿನ ಜಂಪ್‌ನಲ್ಲಿ ಬಿಲ್ ಬರುತ್ತದೆ. ಸ್ಲ್ಯಾಶ್‌ನಂಥ ಕಾರಿನಲ್ಲಿ ಆರಂಭದ ಅಳತೆ ಹೀಗೆ: ಸ್ಪ್ರಿಂಗ್ ಪೂರ್ತಿ ಒತ್ತಿಹೋಗುವವರೆಗೆ ನಟ್ ಬಿಗಿದು, ಅಲ್ಲಿಂದ ಅರ್ಧ ಸುತ್ತು ಹಿಂದಕ್ಕೆ. ನಟ್ 7 ಮಿ.ಮೀ. ಇಲ್ಲವೇ 5.5ರದ್ದಾಗಿರುತ್ತದೆ, ನಿಮ್ಮ ಮಾದರಿ ನೋಡಿಕೊಳ್ಳಿ. ಬಳಿಕ ಒಣ, ಹಿಡಿತವಿರುವ ನೆಲದ ಮೇಲೆ ನಿಂತಲ್ಲಿಂದ ಪೂರ್ತಿ ಥ್ರಾಟಲ್ ಕೊಡಿ. ಮೊದಲ ಒಂದೆರಡು ಅಡಿ ‘ಸ್ಸ್’ ಎಂದು ಜಾರುವ ಸದ್ದು ಕೇಳಿ ಆಮೇಲೆ ಹಿಡಿದುಕೊಳ್ಳಬೇಕು. ಸದ್ದೇ ಇಲ್ಲದಿದ್ದರೆ ಎಂಟನೇ ಒಂದು ಸುತ್ತು ಸಡಿಲಿಸಿ, ನಾಲ್ಕೈದು ಅಡಿ ಜಾರಿದರೆ ಅಷ್ಟೇ ಬಿಗಿಯಿರಿ.

ಎಷ್ಟು ಬಿಗಿದರೂ ಜಾರುತ್ತಿದ್ದರೆ ಬಿಚ್ಚಿ ನೋಡಿ. ಪ್ಯಾಡ್ ಮೇಲೆ ಕನ್ನಡಿಯಂಥ ಹೊಳಪು ಬಂದಿದ್ದರೆ 400 ನಂಬರಿನ ಎಮ್ರಿ ಪೇಪರ್ ಮೇಲೆ ಎಂಟು ಆಕಾರದಲ್ಲಿ ಉಜ್ಜಿ ಹೊಳಪು ತೆಗೆಯಿರಿ. ಎಣ್ಣೆ ಕುಡಿದ ಪ್ಯಾಡ್ ಮಾತ್ರ ಎಷ್ಟು ಉಜ್ಜಿದರೂ ನೆಟ್ಟಗಾಗುವುದಿಲ್ಲ. ನೈಲಾಕ್ ನಟ್‌ನ ಒಳಗಿನ ನೈಲಾನ್ ಸವೆದು ಕೈಬೆರಳಿನಲ್ಲೇ ತಿರುಗುತ್ತಿದ್ದರೆ ನಟ್ ಬದಲಿಸಿ. ಇದು ಪುಡಿಗಾಸಿನ ವಸ್ತು, ಸ್ಲಿಪ್ಪರ್ ಪದೇ ಪದೇ ಸಡಿಲಾಗುವುದು ಹೆಚ್ಚಾಗಿ ಇದರಿಂದಲೇ.

ಡಿಫ್ ಒಳಗೆ

ಮೊದಲೇ ಒಂದು ಮಾತು. ಕಾರು ಎತ್ತಿ ಹಿಡಿದು ಥ್ರಾಟಲ್ ಕೊಟ್ಟಾಗ ಒಂದೇ ಚಕ್ರ ಸುತ್ತುವುದು ದೋಷವಲ್ಲ, ಓಪನ್ ಡಿಫ್‌ನ ಸ್ವಭಾವ. ಚೆನ್ನಾಗಿರುವ ಎಷ್ಟೋ ಡಿಫ್‌ಗಳು ಈ ಕಾರಣಕ್ಕೇ ಬಿಚ್ಚಿಸಿಕೊಳ್ಳುತ್ತವೆ. ತಿರುವಿನಲ್ಲಿ ಒಳಚಕ್ರ ಸುಮ್ಮನೆ ಸುತ್ತಿ ಶಕ್ತಿ ವ್ಯರ್ಥವಾಗುತ್ತಿದೆ ಎನಿಸಿದರೆ ಗಟ್ಟಿ ಎಣ್ಣೆ ಹಾಕಿ, ಅಷ್ಟೇ.

ದೋಷವೆಂದರೆ ಇದು: ಜೋರು ಥ್ರಾಟಲ್‌ಗೆ ಅಥವಾ ಬ್ರೇಕ್‌ಗೆ ಮುಂದಿನಿಂದಲೋ ಹಿಂದಿನಿಂದಲೋ ‘ಕಟಕಟಕಟ’ ಎಂದು ಹಲ್ಲು ಹಾರುವ ಸದ್ದು, ನಿಧಾನವಾಗಿ ಓಡಿಸಿದರೆ ಏನೂ ಇಲ್ಲ. ಕ್ರೌನ್ ಮತ್ತು ಅದನ್ನು ತಿರುಗಿಸುವ ಡಿಫ್‌ನ ಪಿನಿಯನ್ (ಮೋಟಾರ್ ಮೇಲಿನದಲ್ಲ) ಭಾರ ಬಿದ್ದಾಗ ಒಂದರಿಂದ ಇನ್ನೊಂದು ದೂರ ಸರಿಯುತ್ತಿವೆ. ಮುಂದಿನದೋ ಹಿಂದಿನದೋ ತಿಳಿಯದಿದ್ದರೆ, ಸೆಂಟರ್ ಡಿಫ್ ಇಲ್ಲದ ಕಾರಿನಲ್ಲಿ, ಸೆಂಟರ್ ಶಾಫ್ಟ್‌ನ ಒಂದು ತುಂಡು ತೆಗೆದು ಮುಂದಿನ ಡ್ರೈವ್ ಬಿಡಿಸಿ, ಹಿಂದಿನ ಚಕ್ರದಲ್ಲಿ ಮಾತ್ರ ಸ್ವಲ್ಪ ದೂರ ಓಡಿಸಿ. ಸದ್ದು ಹೋದರೆ ದೋಷ ಮುಂದಿನದು.

ಹೌಸಿಂಗ್ ಬಿಚ್ಚಿ, ಹಳೆಯ ಗ್ರೀಸ್ ಒರೆಸಿ, ಕ್ರೌನ್‌ನ ಹಲ್ಲಿನ ಹೊರ ಅಂಚು ನೋಡಿ. ಅಲ್ಲಿ ಮುರುಕು ಕಂಡರೆ ಕ್ರೌನ್ ಮತ್ತು ಪಿನಿಯನ್ ಎರಡನ್ನೂ ಜೋಡಿಯಾಗಿಯೇ ಬದಲಿಸಿ. ಸವೆದ ಪಿನಿಯನ್ ಹೊಸ ಕ್ರೌನನ್ನು ಬೇಗ ತಿನ್ನುತ್ತದೆ. ಹಲ್ಲು ಸರಿಯಿದ್ದು ಡಿಫ್ ಪಕ್ಕಕ್ಕೆ ಅಲ್ಲಾಡುತ್ತಿದ್ದರೆ ಶಿಮ್ (ತೆಳು ವಾಷರ್) ಬೇಕು. ಕ್ರೌನ್‌ನ ಬೆನ್ನಿನ ಕಡೆ, ಡಿಫ್ ಮತ್ತು ಬೇರಿಂಗ್ ನಡುವೆ ಶಿಮ್ ಹಾಕಿದರೆ ಕ್ರೌನ್ ಪಿನಿಯನ್ ಕಡೆಗೆ ಸರಿಯುತ್ತದೆ. ಎದುರು ಕಡೆ ಹಾಕಿದರೆ ದೂರ ಹೋಗುತ್ತದೆ. 1/8 ಡಿಫ್‌ಗೆ ಸಾಮಾನ್ಯವಾಗಿ ಒಳವ್ಯಾಸ 13, ಹೊರವ್ಯಾಸ 16, ದಪ್ಪ 0.1 ಅಥವಾ 0.2 ಮಿ.ಮೀ. ಶಿಮ್. ಒಂದು ಸಲಕ್ಕೆ ಒಂದೇ ಹಾಕಿ, ಹೌಸಿಂಗ್‌ನ ಎಲ್ಲ ಸ್ಕ್ರೂ ಬಿಗಿದು, ಪಿನಿಯನ್ ಅನ್ನು ಬೆರಳಿನಿಂದ ತಿರುಗಿಸಿ. ಸ್ಕ್ರೂ ಬಿಗಿಯದೆ ನೋಡಿದ ಫಲಿತಾಂಶಕ್ಕೆ ಬೆಲೆಯಿಲ್ಲ, ಹೌಸಿಂಗ್ ಬಿಗಿದಾಗ ಅಂತರ ಬದಲಾಗುತ್ತದೆ. ಸುತ್ತಿನುದ್ದಕ್ಕೂ ನುಣ್ಣಗೆ ತಿರುಗಬೇಕು, ಕಪ್ ಹಿಡಿದು ಎಡಬಲಕ್ಕೆ ಎಳೆದರೆ ಅಲ್ಲಾಡಬಾರದು. ಪಿನಿಯನ್ ಕೂಡ ತನ್ನ ಉದ್ದಕ್ಕೆ ಒಳಗೆ ಹೊರಗೆ ಸರಿಯಬಾರದು. ಸರಿದರೆ ಅದರ ಬೇರಿಂಗ್ ಹೋಗಿದೆ.

ಜೋಡಿಸುವಾಗ ಆಗುವ ದೊಡ್ಡ ತಪ್ಪು ಡಿಫ್ ಅನ್ನು ತಿರುಗಾ ಮುರುಗಾ ಕೂರಿಸುವುದು. ಕ್ರೌನ್ ಎಡಕ್ಕಿರಬೇಕಾದ್ದು ಬಲಕ್ಕೆ ಹೋದರೆ ಮುಂದಿನ ಚಕ್ರಗಳು ಹಿಂದಕ್ಕೆ, ಹಿಂದಿನವು ಮುಂದಕ್ಕೆ ಸುತ್ತುತ್ತವೆ. ಕಾರು ನಿಂತಲ್ಲೇ ಕುಪ್ಪಳಿಸಿ ಗೇರ್ ಹಲ್ಲು ಮುರಿದುಕೊಳ್ಳುತ್ತದೆ. ಹೌಸಿಂಗ್ ಮುಚ್ಚಿದ ಮೇಲೆ ಕಾರು ಎತ್ತಿ, ಮುಂದಿನ ಎರಡೂ ಚಕ್ರ ಒಟ್ಟಿಗೆ ಮುಂದಕ್ಕೆ ತಿರುಗಿಸಿ. ಸೆಂಟರ್ ಡಿಫ್ ಇಲ್ಲದ ಕಾರಿನಲ್ಲಿ ಹಿಂದಿನವೂ ಮುಂದಕ್ಕೇ ತಿರುಗಬೇಕು.

ಎಣ್ಣೆ ತುಂಬುವ ಡಿಫ್ ಆದರೆ ಸಿಲಿಕಾನ್ ಡಿಫ್ ಎಣ್ಣೆಯನ್ನೇ ಹಾಕಿ; ಸ್ಕೂಟರಿನ ಎಂಜಿನ್ ಆಯಿಲ್ ಬಿಸಿಗೆ ನೀರಾಗಿ ಸೋರಿಹೋಗುತ್ತದೆ. 1/8 ಬಗ್ಗಿಯಲ್ಲಿ ಮುಂದೆ 5,000ರಿಂದ 7,000, ಮಧ್ಯದಲ್ಲಿ 7,000 ಆಸುಪಾಸು, ಹಿಂದೆ 3,000 ಸ್ನಿಗ್ಧತೆಯ (ಗಟ್ಟಿತನದ) ಎಣ್ಣೆ ಆರಂಭಕ್ಕೆ ಚೆನ್ನ. ಒಳಗಿನ ಅಡ್ಡ ಪಿನ್‌ಗಳು ಆಗಷ್ಟೇ ಮುಳುಗುವಷ್ಟು ತುಂಬಿ, ಗಾಳಿಗುಳ್ಳೆ ಮೇಲೆ ಬರಲು ಸ್ವಲ್ಪ ಹೊತ್ತು ಬಿಟ್ಟು ಮುಚ್ಚಿ. ತುಂಬಿ ತುಳುಕಿಸಿದರೆ ಬಿಸಿಯಲ್ಲಿ ಉಬ್ಬಿದ ಎಣ್ಣೆ ಓ-ರಿಂಗ್ ದಾಟಿ ಬರುತ್ತದೆ. ಮುಚ್ಚಳದ ಸ್ಕ್ರೂಗಳನ್ನು ಎದುರು ಬದುರು ಬಿಗಿಯಿರಿ. ಟಿಟಿ-02ರ ಮೂಲ ಡಿಫ್‌ಗೆ ಸೀಲ್ ಇಲ್ಲ, ಅದಕ್ಕೆ ಎಣ್ಣೆ ಹಾಕಿ ಪ್ರಯೋಜನವಿಲ್ಲ. ಗಟ್ಟಿ ಗ್ರೀಸ್ ಹಾಕಿ.

ಬಾಲ್ ಡಿಫ್ (ಒಳಗೇರ್ ಬದಲು ಗುಂಡುಗಳಿರುವ ಡಿಫ್) ಇರುವ ರೇಸ್ ಕಾರಿನಲ್ಲಿ ಥ್ರಾಟಲ್‌ಗೆ ‘ಕ್ರೀಕ್ ಕ್ರೀಕ್’ ಎಂದು ಬೊಗಳುವಂಥ ಸದ್ದು ಬಂದರೆ ಡಿಫ್ ಜಾರುತ್ತಿದೆ. ತಕ್ಷಣ ನಿಲ್ಲಿಸಿ. ಹಾಗೇ ಓಡಿಸಿದರೆ ಗುಂಡುಗಳು ರಿಂಗ್ ಮೇಲೆ ಗುಳಿ ಮಾಡುತ್ತವೆ, ಆಮೇಲೆ ಬಿಗಿದರೂ ನುಣ್ಣಗೆ ಬರುವುದಿಲ್ಲ. ಸ್ಪರ್ ಮತ್ತು ಒಂದು ಚಕ್ರ ಹಿಡಿದು ಇನ್ನೊಂದು ಚಕ್ರ ತಿರುಗಿಸಲು ನೋಡಿ; ಸಲೀಸಾಗಿ ತಿರುಗಬಾರದು. ಏಟು ಬಿದ್ದಾಗ ಮೊದಲು ಜಾರಬೇಕಾದ್ದು ಸ್ಲಿಪ್ಪರ್.

ಶಾಫ್ಟ್ ಮತ್ತು ಕಪ್

ನೇರ ಓಡುವಾಗ ಸುಮ್ಮನಿದ್ದು ಪೂರ್ತಿ ತಿರುಗಿಸಿದಾಗ ಮಾತ್ರ ‘ಟಕ್ ಟಕ್’ ಎಂದರೆ ಮುಂದಿನ ಶಾಫ್ಟ್. ಡಾಗ್‌ಬೋನ್ ತನಗೆ ಆಗದಷ್ಟು ಕೋನದಲ್ಲಿ ಕೆಲಸ ಮಾಡುತ್ತಿದೆ. ಸಿವಿಡಿ ಹಾಕಿ, ಇಲ್ಲವೇ ಟ್ರಾನ್ಸ್‌ಮಿಟರಿನಲ್ಲಿ ಸ್ಟೀರಿಂಗ್ ಎಂಡ್‌ಪಾಯಿಂಟ್ (ಚಕ್ರ ಹೊರಳುವ ಮಿತಿ) ಸ್ವಲ್ಪ ಇಳಿಸಿ. ಶಾಫ್ಟ್ ಪದೇ ಪದೇ ಹೊರಬೀಳುತ್ತಿದ್ದರೆ ಕಾರನ್ನು ಎತ್ತಿ ಚಕ್ರ ಜೋತುಬಿಡಿ. ಆ ಸ್ಥಿತಿಯಲ್ಲಿ ಡಾಗ್‌ಬೋನ್‌ನ ಪಿನ್ ಕಪ್‌ನ ಅಂಚಿಗೆ ಬಂದು ನಿಂತಿದ್ದರೆ ಸಸ್ಪೆನ್ಷನ್ ಅತಿಯಾಗಿ ಕೆಳಗಿಳಿಯುತ್ತಿದೆ. ಡ್ರೂಪ್ ಸ್ಕ್ರೂ ಅಥವಾ ಶಾಕ್ ಒಳಗಿನ ಸ್ಪೇಸರ್‌ನಿಂದ ಅದನ್ನು ಮಿತಿಗೊಳಿಸಿ. ಚಕ್ರವನ್ನು ಪೂರ್ತಿ ಮೇಲಕ್ಕೆ ಒತ್ತಿದಾಗ ಶಾಫ್ಟ್ ಎರಡೂ ತುದಿಗೆ ತಾಗಿ ಸಿಕ್ಕಿಕೊಳ್ಳಬಾರದು, ಸಿಕ್ಕಿದರೆ ಆ ಒತ್ತಡ ಡಿಫ್ ಬೇರಿಂಗ್‌ಗೆ ಹೋಗುತ್ತದೆ. ಚಕ್ರದ ವಾಲು ಹೊಂದಿಸುವ ಕ್ಯಾಂಬರ್ ಲಿಂಕಿನ ಉದ್ದ ಬದಲಿಸಿದ ಮೇಲೆ ಈ ತೊಂದರೆ ಶುರುವಾಗುವುದುಂಟು.

ಕಪ್‌ನ ಸೀಳಿನಲ್ಲಿ ಪಿನ್ ಕುಳಿತ ಜಾಗದಲ್ಲಿ ಗುಳಿ ಬಿದ್ದಿದ್ದರೆ ಎಡ ಮತ್ತು ಬಲ ಅದಲು ಬದಲು ಮಾಡಿ. ಸವೆಯದ ಮುಖ ಮುಂದೆ ಬರುತ್ತದೆ, ಇನ್ನೊಂದಷ್ಟು ಕಾಲ ನಡೆಯುತ್ತದೆ.

ಬೇರಿಂಗ್

ಮೋಟಾರ್ ಬಿಡಿಸಿದ ಕಾರನ್ನು ನೆಲದ ಮೇಲೆ ಒಂದು ಸಲ ಮೆಲ್ಲಗೆ ತಳ್ಳಿ. ಸಲೀಸಾಗಿ ಉರುಳಿ ಹೋಗಬೇಕು. ಗಕ್ಕನೆ ನಿಂತರೆ ಒಂದೊಂದೇ ಚಕ್ರ ಬೆರಳಿನಿಂದ ಸುತ್ತಿ ‘ಜರಜರ’ ಎನ್ನುವುದನ್ನು ಹುಡುಕಿ. ತೆಗೆದ ಬೇರಿಂಗನ್ನು ಅಲೆನ್ ಕೀಗೆ ಸಿಕ್ಕಿಸಿ ಬೆರಳಿನಲ್ಲಿ ಒತ್ತಿ ತಿರುಗಿಸಿ. ಒತ್ತಿದಾಗ ಒರಟು ಗೊತ್ತಾದರೆ ಬದಲಿಸಿ, ತೊಳೆದು ಎಣ್ಣೆ ಬಿಟ್ಟು ಕಾಲ ತಳ್ಳಬೇಡಿ. ಒಳಗೆ ಗುಂಡು ಒಡೆದರೆ ಅದರ ಚೂರು ಡಿಫ್ ಸೇರುತ್ತದೆ.

ಬದಲಿ ಬೇರಿಂಗ್‌ಗೆ ಆರ್‌ಸಿ ಅಂಗಡಿಯೇ ಆಗಬೇಕೆಂದಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆ, ಜೆ.ಸಿ. ರಸ್ತೆ ಕಡೆಗಾಗಲಿ, ನಿಮ್ಮೂರಿನ ಮೋಟಾರ್ ರಿವೈಂಡಿಂಗ್‌ನವರು ಬೇರಿಂಗ್ ಕೊಳ್ಳುವ ಅಂಗಡಿಯಲ್ಲಾಗಲಿ ನಂಬರ್ ಹೇಳಿ ಕೇಳಿ. 5×11×4 ಅಳತೆಗೆ ಎಂಆರ್115, 5×10×4ಕ್ಕೆ ಎಂಆರ್105, 10×15×4ಕ್ಕೆ 6700, 8×16×5ಕ್ಕೆ 688, 5×16×5ಕ್ಕೆ 625. ನಂಬರಿನ ಕೊನೆಗೆ ಜೆಡ್‌ಜೆಡ್ ಇದ್ದರೆ ಎರಡೂ ಬದಿ ತಗಡಿನ ಮುಚ್ಚಳ, 2ಆರ್‌ಎಸ್ ಇದ್ದರೆ ರಬ್ಬರ್. ನಮ್ಮ ಕೆಂಪು ಮಣ್ಣಿನ ಧೂಳಿಗೆ ರಬ್ಬರೇ ಸರಿ; ತಿರುಗುವುದು ತುಸು ಭಾರ, ಆದರೆ ಬಾಳಿಕೆ ಹೆಚ್ಚು. ಟಿಟಿ-02ರಂಥ ಕಿಟ್‌ನಲ್ಲಿ ಮೂಲವಾಗಿ ಬುಷ್ (ಗುಂಡಿಲ್ಲದ ಸಾದಾ ಬಳೆ) ಬರುತ್ತದೆ, ಅದರ ಜಾಗಕ್ಕೆ ಎಂಆರ್115 ಹಾಕುವುದು ಆ ಕಾರಿಗೆ ಮಾಡಬಹುದಾದ ಮೊದಲ ಒಳ್ಳೆಯ ಕೆಲಸ.

ಗೇರ್‌ನದಲ್ಲದ ದೋಷ

ನಿಂತಲ್ಲಿಂದ ಹೊರಡುವಾಗ ಗಡಗಡ ನಡುಗಿ ಆಮೇಲೆ ಸರಿಯಾಗಿ ಓಡುವುದು ಸೆನ್ಸರ್ ಇಲ್ಲದ ಬ್ರಷ್‌ಲೆಸ್ ಮೋಟಾರಿನ ಗುಣ. ರೋಟರ್ ತಿರುಗದೆ ಅದರ ಸ್ಥಾನ ಇಎಸ್‌ಸಿಗೆ (ಮೋಟಾರಿನ ವೇಗ ನಿಯಂತ್ರಕ) ತಿಳಿಯುವುದಿಲ್ಲ. ಗೇರಿಂಗ್ ಉದ್ದವಾದಷ್ಟೂ (ಪಿನಿಯನ್ ದೊಡ್ಡದಾದಷ್ಟೂ), ಬ್ಯಾಟರಿ ಸುಸ್ತಾದಷ್ಟೂ ನಡುಕ ಹೆಚ್ಚು. ಇದನ್ನು ಗೇರ್ ಸದ್ದಿನಿಂದ ಬೇರ್ಪಡಿಸಲು ಪಿನಿಯನ್ ಬಿಡಿಸಿ ಅತಿ ಕಡಿಮೆ ಥ್ರಾಟಲ್‌ನಲ್ಲಿ ಒಂದೆರಡು ಸೆಕೆಂಡ್ ಮೋಟಾರ್ ಸುತ್ತಿಸಿ. ಆಗಲೂ ನಡುಗುತ್ತಾ ಒಂದೇ ಕಡೆ ಮಿಸುಕಾಡಿದರೆ ಮೂರು ದಪ್ಪ ತಂತಿಗಳಲ್ಲಿ ಒಂದರ ಬುಲೆಟ್ ಕನೆಕ್ಟರ್ ಬಿಟ್ಟಿದೆ ಅಥವಾ ಬೆಸುಗೆ ಕಳಚಿದೆ. ಭಾರವಿಲ್ಲದ ಮೋಟಾರಿಗೆ ಪೂರ್ತಿ ಥ್ರಾಟಲ್ ಕೊಡಬೇಡಿ.

ಗೇರಿಂಗ್ ಮತ್ತು ಬಿಸಿ

ವೇಗ ಬೇಕೆಂದು ಪಿನಿಯನ್ ದೊಡ್ಡದು ಮಾಡಿದ ಮೇಲೆ ಶುರುವಾದ ತೊಂದರೆಗೆ ಬೇರೆ ಕಾರಣ ಹುಡುಕಬೇಕಿಲ್ಲ. ಲೆಕ್ಕ ಹೀಗೆ: ಸ್ಪರ್ ಹಲ್ಲು ಭಾಗಿಸು ಪಿನಿಯನ್ ಹಲ್ಲು, ಅದನ್ನು ಗೇರ್‌ಬಾಕ್ಸ್‌ನ ಒಳ ಅನುಪಾತದಿಂದ ಗುಣಿಸಿ. ಸ್ಲ್ಯಾಶ್‌ನಲ್ಲಿ ಒಳ ಅನುಪಾತ 2.72, 86 ಸ್ಪರ್, 19 ಪಿನಿಯನ್‌ಗೆ 12.31. ಅದೇ ಕಾರಿಗೆ 23ರ ಪಿನಿಯನ್ ಹಾಕಿದರೆ 10.17ಕ್ಕೆ ಇಳಿಯುತ್ತದೆ. ಟಿಟಿ-02ರಲ್ಲಿ ಒಳ ಅನುಪಾತ 2.6, 70 ಸ್ಪರ್, 22 ಪಿನಿಯನ್‌ಗೆ 8.27. ಸಂಖ್ಯೆ ಇಳಿದಷ್ಟೂ ಮೋಟಾರಿಗೆ ಭಾರ. ದೊಡ್ಡ ಟಯರ್ ಹಾಕುವುದೂ ದೊಡ್ಡ ಪಿನಿಯನ್ ಹಾಕಿದ ಹಾಗೇ, ಇದು ಎಷ್ಟೋ ಸಲ ಮರೆತುಹೋಗುತ್ತದೆ.

ಒಂದು ಸಲಕ್ಕೆ ಒಂದು ಹಲ್ಲು ಹೆಚ್ಚಿಸಿ, ಐದು ನಿಮಿಷ ಓಡಿಸಿ, ಇನ್‌ಫ್ರಾರೆಡ್ ಥರ್ಮಾಮೀಟರ್‌ನಿಂದ ಮೋಟಾರಿನ ಮೈ ಅಳೆಯಿರಿ. 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಹಿಂದಿನ ಪಿನಿಯನ್‌ಗೆ ಮರಳಿ. ಕಲಬುರಗಿ, ರಾಯಚೂರಿನ ಏಪ್ರಿಲ್ ಮಧ್ಯಾಹ್ನಕ್ಕೆ ಡಿಸೆಂಬರಿನ ಗೇರಿಂಗ್ ಒಗ್ಗುವುದಿಲ್ಲ, ಬೇಸಿಗೆಗೆ ಒಂದೆರಡು ಹಲ್ಲು ಕಡಿಮೆ ಇರಲಿ. ಗೇರಿಂಗ್ ಮುಟ್ಟದೆಯೇ ಮೋಟಾರ್ ಇದ್ದಕ್ಕಿದ್ದಂತೆ ಕಾಯಲು ತೊಡಗಿದರೆ ಎಲ್ಲೋ ಬೇರಿಂಗ್ ಹಿಡಿದುಕೊಂಡಿದೆ ಅಥವಾ ಆಕ್ಸಲ್‌ಗೆ ಕೂದಲು, ಹುಲ್ಲಿನ ನಾರು ಸುತ್ತಿಕೊಂಡಿದೆ.

ನೀರು, ಕೆಸರು, ಉಪ್ಪು

ಮಳೆಗಾಲದಲ್ಲಿ ಓಡಿಸಿದ ದಿನವೇ ಚಕ್ರ ತೆಗೆದು ಒಣಗಿಸಿ, ಬೇರಿಂಗ್‌ಗೆ ತೆಳು ಎಣ್ಣೆ ಬಿಡಿ. ಡಿಫ್‌ನೊಳಗೆ ನೀರು ಹೋಗಿದ್ದರೆ ಗ್ರೀಸ್ ಹಾಲಿನ ಬಣ್ಣಕ್ಕೆ ತಿರುಗಿರುತ್ತದೆ, ಎಲ್ಲ ತೆಗೆದು ಹೊಸದು ಹಾಕಿ. ಪಿನಿಯನ್ ಮತ್ತು ಸ್ಪರ್‌ಗೆ ಮಾತ್ರ ಗ್ರೀಸ್ ಹಚ್ಚಬೇಡಿ: ಅವು ತೆರೆದಲ್ಲಿ ತಿರುಗುತ್ತವೆ, ಧೂಳು ಗ್ರೀಸ್‌ಗೆ ಅಂಟಿ ಅರೆಯುವ ಪೇಸ್ಟ್ ಆಗುತ್ತದೆ. ಮಲ್ಪೆ, ಪಣಂಬೂರಿನ ಮರಳಿನಲ್ಲಿ ಓಡಿಸುವುದು ಚೆಂದವೇ, ಆದರೆ ಆಮೇಲೆ ಸಿಹಿನೀರಿನಲ್ಲಿ ಉಪ್ಪು ತೊಳೆಯದಿದ್ದರೆ ಬೇರಿಂಗ್ ಬೇಗನೆ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ. ತೊಳೆಯುವ ಮೊದಲು ನಿಮ್ಮ ಇಎಸ್‌ಸಿ, ಸರ್ವೋ (ಸ್ಟೀರಿಂಗ್ ತಿರುಗಿಸುವ ಚಿಕ್ಕ ಮೋಟಾರ್) ನೀರು ತಡೆಯುವವೇ ಎಂದು ಖಚಿತಪಡಿಸಿಕೊಳ್ಳಿ, ಇಲ್ಲದಿದ್ದರೆ ಬಿಚ್ಚಿ ಪಕ್ಕಕ್ಕಿಡಿ.

ಎಲ್ಲ ಜೋಡಿಸಿದ ಮೇಲೆ ಗೇರ್ ಕವರ್ ಹಾಕದೆ ಓಡಿಸಬೇಡಿ, ಒಂದು ಕಾಳಿನಷ್ಟು ಕಲ್ಲು ಸಾಕು. ಮೊದಲ ಐದು ನಿಮಿಷ ಅರ್ಧ ಥ್ರಾಟಲ್ ದಾಟಬೇಡಿ. ಆಮೇಲೆ ನಿಲ್ಲಿಸಿ ಬ್ಯಾಟರಿ ತೆಗೆದು ಮೋಟಾರಿನ ಎರಡು ಸ್ಕ್ರೂ, ಪಿನಿಯನ್‌ನ ಗ್ರಬ್ ಸ್ಕ್ರೂ ಮತ್ತು ನಾಲ್ಕು ಚಕ್ರದ ನಟ್ ಇನ್ನೊಮ್ಮೆ ಮುಟ್ಟಿ ನೋಡಿ. ಮಾರ್ಕರ್ ಗೆರೆ ಸರಿದಿಲ್ಲದಿದ್ದರೆ ಪೂರ್ತಿ ಥ್ರಾಟಲ್ ಕೊಡಬಹುದು.